ಗಾಳಿ ತಗ್ಗಿದರೆ ನಿಲ್ಲುವ ಫ್ಯಾನುಗಳು

ಹವಾಯಿಯ ಮಾವಿ ದ್ವೀಪದಲ್ಲಿ ಲಹೈನಾ ಪಾಲಿ ಎಂಬ ಹಳೆಯ ಕಾಲುದಾರಿಯಿದೆ. ನೆರಳಿನ ಹೆಸರಿಲ್ಲ, ಕೆಮ್ಮಣ್ಣು, ಕರಿ ಲಾವಾ ಕಲ್ಲು, ಒಣಹುಲ್ಲು ಅಷ್ಟೇ. ಏರು ಮುಗಿಯುವ ಹೊತ್ತಿಗೆ ಗಾಳಿ ಅಂಗಿಯೊಳಗೆ ನುಗ್ಗಿ ನಮ್ಮನ್ನೇ ಗಾಳಿಪಟ ಮಾಡುವಂತಿತ್ತು. ಕೆಳಗೆ ಕಡಲು, ಎದುರಿಗೆ 3,055 ಮೀಟರ್ ಎತ್ತರದ ಹಲೆಯಾಕಲಾ ಜ್ವಾಲಾಮುಖಿ, ತಲೆಯ ಮೇಲೆ ಕಾಹೆಯಾವಾದ ಗಾಳಿಯಂತ್ರಗಳು. ನಮ್ಮ ಚಿತ್ರದುರ್ಗದವರ ಬಾಯಲ್ಲಿ ಹೇಳುವುದಾದರೆ, ಫ್ಯಾನುಗಳು. 2006ರಲ್ಲಿ 20 ಬಂದವು, 2012ರಲ್ಲಿ ಇನ್ನೂ 14.

ಕಾಲ ಬಳಿಯ ಗಿಡವೊಂದನ್ನು ಬಗ್ಗಿ ನೋಡಿದೆ. ಅಂಟಂಟು ಎಲೆ, ಕಾಗದದಂಥ ಮೂರು ರೆಕ್ಕೆಯ ಕೆಂಪು ಕಾಯಿ. ಬಂದರಿಕೆ! ಜೋಗಿಮಟ್ಟಿಯ ಫ್ಯಾನುಗಳ ಕೆಳಗೂ ಇರುವ ಅದೇ ಬಂದರಿಕೆ. ಇಲ್ಲಿಯವರು ಆಆಲಿಇ ಎನ್ನುತ್ತಾರೆ. ಇಲ್ಲೂ ಅದು ಊರಿನದೇ ಗಿಡ, ಯಾರೋ ತಂದು ನೆಟ್ಟದ್ದಲ್ಲ. ಕಡಲುಗಳನ್ನು ದಾಟಿ ಬಂದ ಬೀಜಕ್ಕೆ ಕೈಮುಗಿಯಬೇಕೆನ್ನಿಸಿತು.

ಅದಕ್ಕಿಂತ ದೊಡ್ಡ ಅಚ್ಚರಿ ಓಪೆಯಾಪೆಯಾ. ಹವಾಯಿಗೆ ಇರುವ ಒಂದೇ ಒಂದು ಸ್ವಂತ ನೆಲದ ಸಸ್ತನಿ ಈ ಬಾವಲಿ. ತೂಕ ಹದಿನೈದು ಗ್ರಾಮ್ ಆಚೀಚೆ. ಇದರ ಪೂರ್ವಜರು ಉತ್ತರ ಅಮೆರಿಕದಿಂದ ಹೊರಟು, ಕಾಲೂರಲು ಒಂದು ಬಂಡೆಯೂ ಇಲ್ಲದ ಸಾವಿರಾರು ಕಿಲೋಮೀಟರ್ ಕಡಲು ದಾಟಿ ಬಂದವರು. ಗವಿಯಲ್ಲಿ ಗುಂಪು ಕಟ್ಟುವ ಜಾತಿಯಲ್ಲ; ಮರದೆಲೆಗಳ ನಡುವೆ ಒಂಟಿಯಾಗಿ ತೂಗಾಡುತ್ತದೆ. ಸಾಮಾನ್ಯವಾಗಿ ಅವಳಿ ಮರಿ. 1970ರಿಂದ ಅಳಿವಿನಂಚಿನ ಪಟ್ಟಿಯಲ್ಲಿದೆ. ಸಾಗರವನ್ನೇ ದಾಟಿದ ಕುಲ ಈಗ ಫ್ಯಾನಿನ ರೆಕ್ಕೆ ದಾಟಲಾರದೆ ಸಾಯುತ್ತಿದೆ.

ಬಾವಲಿಗಳು ಕಂಬದ ಹತ್ತಿರ ಏಕೆ ಸುಳಿಯುತ್ತವೆ? ಒಂಟಿ ನಿಂತ ಕಂಬವನ್ನು ಎತ್ತರದ ಮರವೆಂದೇ ತಿಳಿಯುತ್ತವೆಂಬುದು ಒಂದು ಊಹೆ. ಅವು ಹೆಚ್ಚಾಗಿ ಸಾಯುವುದು ಗಾಳಿ ಮೆತ್ತಗಿರುವ ರಾತ್ರಿಗಳಲ್ಲಿ. ಹುಳು ಹಾರುವುದೂ ಆಗಲೇ, ಬಾವಲಿ ಬೇಟೆಗಿಳಿಯುವುದೂ ಆಗಲೇ. ಅಂಥ ಹೊತ್ತಿನಲ್ಲಿ ಫ್ಯಾನು ಹುಟ್ಟಿಸುವ ಕರೆಂಟು ಹೇಗೂ ಅಷ್ಟಕ್ಕಷ್ಟೆ. ಹಾಗಿದ್ದರೆ ನಿಲ್ಲಿಸಿಬಿಟ್ಟರೆ? ರೆಕ್ಕೆಯನ್ನು ಗಾಳಿಗೆ ಅಂಚು ಕೊಟ್ಟು ತಿರುಗಿಸಿದರೆ ಚಕ್ರ ಹೆಚ್ಚುಕಡಿಮೆ ನಿಂತೇಬಿಡುತ್ತದೆ. ಪೆನ್ಸಿಲ್ವೇನಿಯಾದ ಕ್ಯಾಸಲ್‌ಮನ್‌ನಲ್ಲಿ 2008 ಮತ್ತು 2009ರಲ್ಲಿ ಇದನ್ನೇ ಮಾಡಿ ನೋಡಿದರು. ಬಾವಲಿಗಳ ಸಾವು 44ರಿಂದ 93 ಪ್ರತಿಶತದಷ್ಟು ಇಳಿಯಿತು. ವರ್ಷದ ವಿದ್ಯುತ್ತಿನಲ್ಲಿ ಆದ ಖೋತಾ ಒಂದು ಪ್ರತಿಶತವನ್ನು ಮೀರಲಿಲ್ಲ. ಇಷ್ಟು ಅಗ್ಗದ ಪುಣ್ಯ ಬೇರೆಲ್ಲಿ ಸಿಕ್ಕೀತು! ಮಾವಿಯ ಫ್ಯಾನುಗಳಿಗೂ ಈಗ ರಾತ್ರಿಯ ಕಟ್ಟಳೆಯಿದೆ. ಹಲೆಯಾಕಲಾದ ತೆಂಕಣ ಇಳಿಜಾರಿನ ಔವಾಹಿಯಲ್ಲಂತೂ ಆಗಸ್ಟಿನಿಂದ ಅಕ್ಟೋಬರ್‌ವರೆಗೆ ಗಾಳಿ ಸೆಕೆಂಡಿಗೆ 6.9 ಮೀಟರ್ ಮುಟ್ಟುವ ತನಕ ಚಕ್ರ ತಿರುಗಿಸಬಾರದೆಂದು ಮಿತಿ ಏರಿಸಿಕೊಂಡರು. ಓಆಹು ದ್ವೀಪದ ಕವೈಲೋವಾದಲ್ಲಿ 2019ರಲ್ಲಿ ಎಲ್ಲ 30 ಫ್ಯಾನುಗಳಿಗೂ, ನಮ್ಮ ಕಿವಿಗೆ ಬೀಳದ ಸದ್ದು ಹೊರಡಿಸಿ ಬಾವಲಿಗಳನ್ನು ದೂರವಿಡುವ ಪೆಟ್ಟಿಗೆ ಕೂರಿಸಿದರು. ಆದರೆ ಆ ಸದ್ದು ತೇವದ ಗಾಳಿಯಲ್ಲಿ ಬಹು ದೂರ ಹೋಗದು, ರೆಕ್ಕೆಯೋ ಉದ್ದ.

ಸಂಜೆ ಹಲೆಯಾಕಲಾದ ಮಗ್ಗುಲಿನ ಹುಲ್ಲುಗಾವಲಿನಲ್ಲಿ ಗೆಳತಿ ತನ್ನ ಫೋನಿಗೆ ಬಾವಲಿಯ ದನಿ ಹಿಡಿಯುವ ಬೆರಳಿನಷ್ಟು ಮೈಕು ಸಿಕ್ಕಿಸಿದಳು. ಮೊದಲು ಬರೀ ಸುಯ್ಯೆಂಬ ಸದ್ದು. ಆಮೇಲೆ ಟಕ್... ಟಕ್... ಟಕ್. ಪರದೆಯ ಮೇಲೆ 28 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಗೆರೆಗಳೆದ್ದವು. ಟಕ್‌ಗಳು ಒತ್ತೊತ್ತಾಗಿ ಬಂದು ಕೊನೆಗೆ ಝರ್ರೆಂದು ಒಂದಾದವು. “ಹಿಡೀತು ಕಣೇ!” ಎಂದಳು. ಯಾವುದೋ ಪತಂಗದ ಕಥೆ ಮುಗಿಯಿತು. ತಲೆಯೆತ್ತುವಷ್ಟರಲ್ಲಿ ತುದಿಗೆ ಬೂದು ಹಚ್ಚಿದಂಥ ಕಂದು ಮೈಯೊಂದು ಬೆಳಕುಳಿದ ಪಡುವಣಕ್ಕೆ ತಿರುಗಿ ಹೋಯಿತು. ನಾನು ಬಾಯಿ ಮುಚ್ಚಿದ್ದು ಬಹಳ ಹೊತ್ತಿನ ಮೇಲೆ.

ಫ್ಯಾನು ನಿಲ್ಲಿಸಿಯೂ ಸತ್ತ ಬಾವಲಿಗಳಿಗೆ ಪರಿಹಾರ ಕಟ್ಟಬೇಕು. ಅದು ಅಲ್ಲಿನ ಕಾನೂನು. ಔವಾಹಿಗೆ ಮೊದಲು ಸಿಕ್ಕ ಪರವಾನಗಿ 21 ಬಾವಲಿಗಳ ಸಾವಿಗೆ. 2019ರಲ್ಲಿ ಅದು 140 ಆಯಿತು. ಒಂದು ಬಾವಲಿಗೆ 40 ಎಕರೆ ಕಾಡು, ಇಲ್ಲವೇ 50,000 ಡಾಲರ್ ಎಂಬ ಲೆಕ್ಕ 2015ರಲ್ಲಿ ಬಂತು. ದ್ವೀಪಗಳಲ್ಲಿ ಒಟ್ಟು ಎಷ್ಟು ಬಾವಲಿಗಳಿವೆಯೆಂದು ಎಣಿಸಿದವರೇ ಇಲ್ಲದಿರುವಾಗ ತಲೆಗಿಷ್ಟು ಎಂಬ ಈ ದರ ನನಗೆ ಗಂಟಲಿಗಿಳಿಯಲಿಲ್ಲ. ನಿಂತ ಚಕ್ರ ಉಳಿಸಿದ ಜೀವ ಕೈಯಲ್ಲಿನ ಕಾಸು. ನೆಟ್ಟ ಕಾಡು ಬಾಕಿ ಪುಸ್ತಕದ ಬರಹ. ಹಾಗೆಂದು ನೆಡುವವರನ್ನು ಹಗುರಾಗಿ ಕಾಣಲಾರೆ. ಉಲುಪಲಕುವಾ ರ‍್ಯಾಂಚಿನ ದನದ ಹುಲ್ಲನ್ನು ಹಿಂದಕ್ಕೆ ತಳ್ಳಿ ಕೋವಾ ಮರ ಏಳುವುದನ್ನು ನೋಡುವುದೇ ಒಂದು ಹಬ್ಬ. ಆ ಸಸಿಗಳ ನಡುವೆಯೂ ನಮ್ಮ ಬಂದರಿಕೆ!

ಅಲ್ಲಿಂದ ಇಳಿಯುವಾಗ ಗೆಳತಿ ಬೇಲಿಯ ಮುಳ್ಳುತಂತಿ ತೋರಿಸಿದಳು. ಬಾವಲಿಯ ರೆಕ್ಕೆಯ ಚರ್ಮ ಅದಕ್ಕೂ ಸಿಕ್ಕಿಕೊಳ್ಳುತ್ತದಂತೆ. ಹೆಚ್ಚಾಗಿ ಮೇಲಿನ ಎಳೆಗೇ. ಅದೊಂದು ಎಳೆ ಬದಲಿಸಿ ನುಣುಪು ತಂತಿ ಎಳೆದರೂ ಸಾಕು. ಆಮೇಲೆ ಕಡಲು ನೋಡುವುದು ಬಿಟ್ಟು ದಾರಿಯುದ್ದಕ್ಕೂ ಬೇಲಿ ನೋಡುವುದೇ ನಮ್ಮ ಕೆಲಸವಾಯಿತು: ಇಲ್ಲಿ ನುಣುಪು, ಇಲ್ಲಿ ಮುಳ್ಳು, ಇಲ್ಲಿ ಮತ್ತೆ ಮುಳ್ಳು.