ಹಳೆಯ ಅಂಗಳ, ಹೊಸ ಆಟ

ಲಿಂಗಸುಗೂರಿನಿಂದ ಸಿಂಧನೂರಿಗೆ ಬರುವ ಬೆಳಗಿನ ಬಸ್ಸಿನಲ್ಲಿ ಪಾಠಕ್ಕಿಂತ ಮೊದಲೇ ನಮ್ಮ ವಾದ ಆರಂಭವಾಗುತ್ತದೆ. ನಾನು ಮಸ್ಕಿಯಲ್ಲಿ ಹತ್ತುವ ಹೊತ್ತಿಗೆ ಲಿಂಗಸುಗೂರಿನ ಗೆಳೆಯನೊಬ್ಬ ನನಗಾಗಿ ಅರ್ಧ ಸೀಟನ್ನೂ ಒಂದು ಪೂರ್ಣ ಪ್ರಶ್ನೆಯನ್ನೂ ಕಾದಿರಿಸಿರುತ್ತಾನೆ. ಮೊನ್ನೆಯ ಪ್ರಶ್ನೆ ಇದು: ವಿಡಿಯೋ ಗೇಮುಗಳ ಸರಣಿ ಪ್ರತಿ ಸಲವೂ ಹೊಸದಾಗಬೇಕೋ, ಗೆದ್ದ ಮಾದರಿಯನ್ನೇ ಉಳಿಸಿಕೊಳ್ಳಬೇಕೋ?

“ಹಳೇ ಆಟಕ್ಕ ಹೊಸಾ ಹೆಸರು ಇಡೋದು ಮೋಸ ಅಲ್ಲೇನಲೇ?” ಎಂದ. ನಾನು ಒಪ್ಪಲಿಲ್ಲ. ಕಾರಣವನ್ನು ಬಸ್ಸಿನಲ್ಲಿ ಹೇಳಲು ಸಂಕೋಚವಾಯಿತು, ಇಲ್ಲಿ ಬರೆಯುತ್ತೇನೆ.

ನಮ್ಮಣ್ಣ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕಿದ್ದಾನೆ. ನಾನು ಹೈಸ್ಕೂಲಿನಲ್ಲಿದ್ದಾಗ ರಾತ್ರಿ ಇಬ್ಬರೂ ಮೊಬೈಲಿನಲ್ಲಿ ಪಬ್‌ಜಿ ಆಡುತ್ತಿದ್ದೆವು. ಗುಂಡಿನ ಸದ್ದಿನ ನಡುವೆಯೇ ಅವನು, “ಉಂಡೇನು? ಅವ್ವನ ಮೊಣಕಾಲು ಹೆಂಗೈತಿ?” ಎಂದು ಕೇಳುವನು. 2020ರ ಸೆಪ್ಟೆಂಬರಿನಲ್ಲಿ ಸರ್ಕಾರ ಆ ಆಟವನ್ನು ನಿಷೇಧಿಸಿತು. ಆಮೇಲೆ ಫೋನು ಬಂದರೆ “ಆರಾಮ?” “ಆರಾಮ”, ಅಷ್ಟೇ. ಕೈಗೆ ಆಟವಿಲ್ಲದೆ ನಮ್ಮಿಬ್ಬರ ಬಾಯಿಗೆ ಮಾತೂ ಬಾರದಾಯಿತು.

2021ರ ಜುಲೈನಲ್ಲಿ ಅದೇ ಆಟ ಬಿಜಿಎಂಐ ಎಂಬ ಹೆಸರಿನಿಂದ ಮರಳಿತು. ರಕ್ತದ ಬಣ್ಣ ಹಸಿರಾಗಿತ್ತು. ಹದಿನೆಂಟು ತುಂಬದವರಿಗೆ ದಿನಕ್ಕೆ 3 ಗಂಟೆಯ ಮಿತಿ ಬಂದಿತ್ತು. ಅವ್ವನಿಗೆ ಮೆಚ್ಚುಗೆಯಾದ ಹೊಸತನ ಇದೊಂದೇ! ಆದರೆ ಎರಂಗಲ್ ಎಂಬ ಆ ದ್ವೀಪ, ಅದರ ದಾರಿಗಳು ನಮಗೆ ಪರಿಚಿತವೇ. ಅಣ್ಣ ನೆಟ್ಟಗೆ ನಾವು ಅಡಗಿಕೊಳ್ಳುತ್ತಿದ್ದ ಹಳೆಯ ಮನೆಗೆ ಹೋಗಿ, “ಬಾರೋ ತಮ್ಮಾ” ಎಂದ. ದಿನವೆಲ್ಲ ಸಿಮೆಂಟು ಹೊತ್ತು ದಣಿದವನಿಗೆ ಎಲ್ಲವನ್ನೂ ಮೊದಲಿನಿಂದ ಕಲಿಯುವ ತ್ರಾಣ ಎಲ್ಲಿಂದ ಬರಬೇಕು?

ಹಾಗೆಂದು ಹೊಸತನ ಬೇಡವೆನ್ನಲಾರೆ. 1985ರ ಸೂಪರ್ ಮಾರಿಯೋ ಬ್ರದರ್ಸ್‌ನಲ್ಲಿ ಮಾರಿಯೋ ಎಡದಿಂದ ಬಲಕ್ಕೆ ಓಡುತ್ತ ಜಿಗಿಯುತ್ತಿದ್ದ. 1996ರ ಸೂಪರ್ ಮಾರಿಯೋ 64ರಲ್ಲಿ ಅವನಿಗೆ ಎಲ್ಲ ದಿಕ್ಕಿಗೂ ತಿರುಗಾಡುವ ಲೋಕ ದೊರೆಯಿತು. ಲೋಕ ಬದಲಾಯಿತು, ಜಿಗಿತ ಉಳಿಯಿತು.

ನಮ್ಮ ಮಸ್ಕಿಯ ಬಂಡೆಯೂ ಇದನ್ನೇ ಹೇಳುತ್ತದೆಯಲ್ಲವೇ? ಬೇರೆ ಊರುಗಳಲ್ಲಿಯೂ ಕೆತ್ತಿಸಿದ ಸಂದೇಶವೇ ಹೆಚ್ಚುಕಡಿಮೆ ಅಲ್ಲಿಯೂ ಇದೆ. ಆದರೆ 1915ರಲ್ಲಿ ಬೆಳಕಿಗೆ ಬಂದ ಆ ಶಾಸನದಲ್ಲಿ ಬಿರುದಿನ ಜೊತೆಗೆ ‘ಅಶೋಕ’ ಎಂಬ ಹೆಸರೂ ಇತ್ತು. ಆ ಒಂದು ಮಾತಿನಿಂದ ‘ದೇವಾನಾಂಪ್ರಿಯ’ ಯಾರೆಂಬುದು ಖಚಿತವಾಯಿತು. ಹೊಸದು ಬರುವುದಾದರೆ ಹೀಗೆ ಬರಲಿ; ಹಳೆಯದನ್ನು ಅಳಿಸದೆ ಬೆಳಗಿಸಲಿ.

ಪರೀಕ್ಷೆ ಸಮೀಪಿಸಿದೆ, ಗುರುಗಳು ಕ್ಷಮಿಸಬೇಕು. ಅಣ್ಣ ಕರೆದರೆ ಒಂದೇ ಒಂದು ಆಟ ಆಡಿ, ಅವನು ಉಂಡನೋ ಇಲ್ಲವೋ ಕೇಳಿಕೊಂಡು, ಪುಸ್ತಕ ಹಿಡಿಯುತ್ತೇನೆ.