ಗರ್ಡರಿಗೆ ಗರ್ಡರ್ ಕೂಡಿಸುವ ಹುಚ್ಚು

ಭಾನುವಾರ ಮಧ್ಯಾಹ್ನ ರೊಟ್ಟಿ ಊಟ ಮುಗಿಸಿ ಲ್ಯಾಪ್‌ಟಾಪ್ ತೆರೆದರೆ ಮನೆಯಾಕೆಯ ಪ್ರಶ್ನೆ ತಪ್ಪಿದ್ದಲ್ಲ: "ಇವತ್ತೂ ಬ್ರಿಜ್ಜ ಏನ್ರಿ?" ಬ್ರಿಜ್ಜೇ. ವಾರವಿಡೀ ಆಫೀಸಿನಲ್ಲಿ ಮಾಡುವುದೂ ಅದೇ, ರಜೆಯಲ್ಲಿ ಮಾಡುವುದೂ ಅದೇ. ಆದರೆ ವಾರದ ಬ್ರಿಜ್ಜಿಗೆ ಬಿಲ್ಲು, ಗಡುವು, ಮೇಲಿನವರ ಸಹಿ ಎಲ್ಲ ಉಂಟು. ಭಾನುವಾರದ್ದು ಶುದ್ಧ ಚಟ.

ಚಟ ಹತ್ತಿಸಿದ್ದು ತಾರಿಹಾಳ. ಇಲ್ಲಿಯ ಕೈಗಾರಿಕಾ ಪ್ರದೇಶದ ಮಗ್ಗುಲಲ್ಲೇ ಹುಬ್ಬಳ್ಳಿ-ಧಾರವಾಡ ಬೈಪಾಸ್ ಹಾದುಹೋಗುತ್ತದೆ. ಗಬ್ಬೂರಿನಿಂದ ನರೇಂದ್ರದವರೆಗೆ ಎರಡೇ ಲೇನಿದ್ದು, ಎದುರಿಗೆ ಲಾರಿ ಕಂಡರೆ ಜೀವ ಬಾಯಿಗೆ ಬರುತ್ತಿದ್ದ ರಸ್ತೆ. ಅದನ್ನು ಆರು ಲೇನ್ ಮಾಡುವ ಕೆಲಸಕ್ಕೆ 2022ರಲ್ಲಿ ಅಡಿಗಲ್ಲು ಬಿದ್ದ ಮೇಲೆ, ಕಂಬ, ಸೆಂಟ್ರಿಂಗು, ಕ್ರೇನು ನೋಡುತ್ತ ಬೈಕು ನಿಲ್ಲಿಸುವುದು ನನಗೆ ರೂಢಿಯಾಯಿತು. ಮೊದಲೇ ಎರಕ ಹೊಯ್ದು ತಂದ ಗರ್ಡರನ್ನು, ಅಂದರೆ ಸೇತುವೆಯ ಉದ್ದ ತೊಲೆಯನ್ನು, ಹತ್ತಿರದಿಂದ ನೋಡಬೇಕು. ನೆತ್ತಿಯನ್ನು ಬೇಕೆಂದೇ ಒರಟು ಬಿಟ್ಟಿರುತ್ತಾರೆ. ಅದರುದ್ದಕ್ಕೂ ಕಬ್ಬಿಣದ ಕುಣಿಕೆಗಳು ಎದ್ದು ನಿಂತಿರುತ್ತವೆ, ಮೇಲೆ ಬೀಳುವ ಸ್ಲ್ಯಾಬನ್ನು ಹಿಡಿದುಕೊಳ್ಳಲು. ಒಳಗೆ ಬಿಗಿದ ಕೇಬಲ್ಲಿನ ಎಳೆತಕ್ಕೆ ಇಡೀ ಗರ್ಡರು ನಡುವಿನಲ್ಲಿ ತುಸು ಮೇಲಕ್ಕೆ ಉಬ್ಬಿರುತ್ತದೆ. ಕೆಲವು ಗರ್ಡರುಗಳ ತುದಿಯಲ್ಲೂ ಸಲಾಕೆಗಳು ಹೊರಗೆ ಚಾಚಿರುತ್ತವೆ. ನನ್ನ ಕಣ್ಣು ಮೊದಲು ಹೋಗುವುದು ಅಲ್ಲಿಗೆ. ತುದಿಗೆ ಸಲಾಕೆ ಬಿಟ್ಟಿದ್ದಾರೆಂದರೆ ಮುಂದಿನ ಗರ್ಡರಿನ ಜೊತೆ ಸಂಬಂಧ ಬೆಳೆಸುವ ಉದ್ದೇಶವಿದೆ ಎಂದರ್ಥ.

ಕಂಪ್ಯೂಟರಿನಲ್ಲಿ ಗರ್ಡರೆಂದರೆ ಒಂದು ಗೆರೆ, ಅಷ್ಟೇ. ಸಾಫ್ಟ್‌ವೇರ್ ಸ್ಟಾಡ್ ಆಗಲಿ ಮೈಡಾಸ್ ಆಗಲಿ, ಉದ್ದಕ್ಕೆ ಐದು ಗೆರೆ ಎಳೆದು, ಅಡ್ಡಕ್ಕೆ ಸ್ಲ್ಯಾಬಿನ ಪಾಲಿನ ಗೆರೆಗಳನ್ನು ಹಾಕಿದರೆ ಜಾಲರಿಯೊಂದು ಸಿದ್ಧ. ನಮ್ಮವರು ಗ್ರಿಲೇಜ್ ಎನ್ನುತ್ತಾರೆ. ಹ್ಯಾಂಬ್ಲಿ 1976ರಲ್ಲಿ ಬರೆದ 'ಬ್ರಿಜ್ ಡೆಕ್ ಬಿಹೇವಿಯರ್' ಓದಿದವರಿಗೆ ಈ ಜಾಲರಿಯ ರುಚಿ ಗೊತ್ತು. ಎಪ್ಪತ್ತು ಟನ್ನಿನ ಸರಪಳಿ ಗಾಡಿಯನ್ನು, ಐಆರ್‌ಸಿ ಕೋಡಿನ 70ಆರ್ ಎಂಬ ಭಾರವನ್ನು, ಅಂಚಿನ ಗರ್ಡರಿನ ಹತ್ತಿರ ಓಡಿಸಿ ನೋಡುವುದೇ ಒಂದು ಮಜ. ಅಡ್ಡಗೆರೆಗಳು ಗಟ್ಟಿಯಿದ್ದರೆ ನೊಗಕ್ಕೆ ಕಟ್ಟಿದ ಎತ್ತುಗಳಂತೆ ಪಕ್ಕದ ಗರ್ಡರುಗಳೂ ಹೆಗಲು ಕೊಡುತ್ತವೆ. ಆ ಗೆರೆಗಳನ್ನು ಸಡಿಲ ಮಾಡಿ, ಅಂಚಿನದು ಒಂದೇ ಒದ್ದಾಡುತ್ತದೆ.

ಆದರೆ ಗೆರೆ ಎಳೆಯುವುದು ಯಾರಿಂದಲೂ ಆದೀತು. ಎರಡು ಗೆರೆ ಕೂಡುವಲ್ಲಿ ಏನು ದಾಟಬೇಕು, ಏನು ದಾಟಬಾರದು ಎಂದು ತೀರ್ಮಾನಿಸುವುದರಲ್ಲಿದೆ ಇದರ ಸುಖವೆಲ್ಲ. ಒತ್ತೊತ್ತಾಗಿ ಜೋಡಿಸಿದ ಬಾಕ್ಸ್ ಗರ್ಡರುಗಳ ನಡುವಿನ ಸಂದಿಗೆ ಗ್ರೌಟ್ ತುಂಬಿದರೆ ಭಾರ ದಾಟುತ್ತದೆ, ಬಾಗು ದಾಟುವುದಿಲ್ಲ. ಅಲ್ಲಿ ಬಾಗನ್ನು ಬಿಟ್ಟುಕೊಡುವ ಮೊಮೆಂಟ್ ರಿಲೀಸ್ ಕೊಡಲೇಬೇಕು. ಇನ್ನು ಸ್ಲ್ಯಾಬಿನ ಕೇಂದ್ರಕ್ಕೂ ಗರ್ಡರಿನ ಕೇಂದ್ರಕ್ಕೂ ಸುಮಾರು ಒಂದು ಮೀಟರ್ ಅಂತರ. ಎರಡನ್ನೂ ಒಂದೇ ಮಟ್ಟದಲ್ಲಿ ಎಳೆದು, ಕೂಡಿದಾಗ ಬರುವ ಬಲವನ್ನು ಲೆಕ್ಕಕ್ಕೇ ಹಿಡಿಯದವರುಂಟು. ನಡುವೆ ರಿಜಿಡ್ ಲಿಂಕ್ ಎಂಬ ಬಾಗದ ಕೊಂಡಿ ಹಾಕಿದರೆ ಆಯಿತು, ಅದಕ್ಕೂ ಸೋಮಾರಿತನ.

ಕಂಬದ ಮೇಲೆ ಗರ್ಡರಿನ ತುದಿಗೆ ತುದಿ ಕೂಡಿಸುವುದಂತೂ ಹಬ್ಬ. ಕಂಬದಿಂದ ಕಂಬಕ್ಕೆ 30 ಮೀಟರಿನ ಮೂರು ಸ್ಪ್ಯಾನ್ ಎಂದಿಟ್ಟುಕೊಳ್ಳಿ. ಗರ್ಡರಿನ ತೂಕ ಮೀಟರಿಗೆ 1.75 ಟನ್, ಒಂದೊಂದು 52.5 ಟನ್. ಕ್ರೇನು ಇಳಿಸಿದ ದಿನ ಅದು ಬೇರಿಂಗಿನ ಮೇಲೆ ಒಂಟಿಯಾಗಿಯೇ ಕೂತಿರುತ್ತದೆ. ನಟ್ಟನಡುವೆ ಬರುವ ಬಾಗು ಸುಮಾರು 197 ಟನ್-ಮೀಟರ್. ಹಸಿ ಸ್ಲ್ಯಾಬಿನ ಭಾರವನ್ನೂ ಬಹುಪಾಲು ಅದು ಒಂಟಿಯಾಗಿಯೇ ಹೊರುತ್ತದೆ. ಕಂಬದ ಮೇಲಿನ ಕಾಂಕ್ರೀಟ್ ಗಟ್ಟಿಯಾದ ಮೇಲಷ್ಟೇ ಮೂರೂ ಒಂದು. ಆಮೇಲೆ ಬರುವ ಡಾಂಬರು, ಬದಿಗೋಡೆ, ಲಾರಿ ಮಾತ್ರ ಮೂವರ ಪಾಲು.

ಇದನ್ನು ಹಂತಹಂತವಾಗಿ ಹೇಳದೆ, ಸಿದ್ಧ ಸೇತುವೆಯನ್ನೇ ತೆರೆಯ ಮೇಲೆ ನಿಲ್ಲಿಸಿ ಗುಂಡಿ ಒತ್ತಿದಿರೋ, ಗರ್ಡರಿನ ಅದೇ ತೂಕಕ್ಕೆ ಮೊದಲ ಸ್ಪ್ಯಾನಿನ ಬಾಗು 126 ಎನ್ನುತ್ತದೆ ಸಾಫ್ಟ್‌ವೇರ್. ಇರುವುದಕ್ಕಿಂತ ಮೂರನೇ ಒಂದು ಪಾಲಿಗೂ ಮಿಕ್ಕಿ ಕಡಿಮೆ! ಹುಟ್ಟಿಯೇ ಇರದ ಸಂಬಂಧವನ್ನು ನಂಬಿ ಭಾರ ಹಂಚಿಬಿಡುತ್ತದೆ, ಅದೂ ಬಣ್ಣಬಣ್ಣದ ಚಿತ್ರ ಸಮೇತ. ಚಿತ್ರ ಚೆಂದವಿದ್ದಷ್ಟೂ ನನಗೆ ಅನುಮಾನ ಹೆಚ್ಚು.

ಕೂಡಿದ ಮೇಲೂ ಕಥೆ ಮುಗಿಯುವುದಿಲ್ಲ. ಕೇಬಲ್ಲಿನ ಒತ್ತಡಕ್ಕೆ ಕಾಂಕ್ರೀಟು ತಿಂಗಳುಗಟ್ಟಲೆ ಕುಗ್ಗುತ್ತ, ಗರ್ಡರು ಇನ್ನೂ ಮೇಲಕ್ಕೆ ಉಬ್ಬಲು ನೋಡುತ್ತದೆ. ತುದಿಗಳನ್ನು ಕಟ್ಟಿಹಾಕಿದ್ದೇವಲ್ಲ, ತಿರುಗಲು ಆಗದ ಆ ಸಿಟ್ಟು ಕಂಬದ ಮೇಲಿನ ಕೂಡಿಕೆಯ ತಳದಲ್ಲಿ ಬಿರುಕಾಗಿ ಹೊರಬರಬಹುದು. ಎಳೆಯ ಗರ್ಡರುಗಳನ್ನು ಅವಸರದಲ್ಲಿ ಕೂಡಿಸಬಾರದು ಎನ್ನುವುದು ಇದಕ್ಕೇ. ಗರ್ಡರಿಗೆ ತೊಂಬತ್ತು ದಿನ ತುಂಬಿದ ಮೇಲೆ ಕೂಡಿಸಿದರೆ ಈ ಲೆಕ್ಕವನ್ನೇ ಬಿಡಬಹುದು ಎಂದು ಅಮೆರಿಕದ ಆಶ್ಟೊ ಕೋಡು ರಿಯಾಯಿತಿ ಕೊಡುತ್ತದೆ. ನಾನಂತೂ ಭಾನುವಾರ ಗರ್ಡರಿನ ವಯಸ್ಸನ್ನು ಮೂವತ್ತು, ಅರವತ್ತು, ತೊಂಬತ್ತು ಎಂದು ಬದಲಿಸುತ್ತ, ಬಾಗಿನ ಗೆರೆ ಹೇಗೆ ಜಾರುತ್ತದೆ ಎಂದು ನೋಡುತ್ತ ಕೂತರೆ ಚಹಾ ಆರಿದ್ದೂ ತಿಳಿಯುವುದಿಲ್ಲ.

ತೆರೆಯ ಮೇಲಿನ ಈ ಕೂಡಿಕೆಗೆ ಒಂದು ಚುಕ್ಕಿ ಸಾಕು. ಸೈಟಿನಲ್ಲಿ ಅದೇ ಚುಕ್ಕಿಯಲ್ಲಿ ಎರಡೂ ಕಡೆಯ ಸಲಾಕೆ, ಅಡ್ಡ ತೊಲೆಯ ಸಲಾಕೆ, ಸ್ಲ್ಯಾಬಿನ ಸಲಾಕೆ ಎಲ್ಲ ಬಂದು ಮುತ್ತುತ್ತವೆ. ಒಬ್ಬ ಹಿರಿಯ ಗೌಂಡಿ ಒಮ್ಮೆ ಅದನ್ನು ತೋರಿಸಿ ಕೇಳಿದ್ದ: "ಸಾಹೇಬ್ರ, ಕಂಪ್ಯೂಟರ್‌ನ್ಯಾಗ ಕೂಡಿಸಿದ್ರ ಆತೇನ್ರಿ? ಇಲ್ಲಿ ವೈಬ್ರೇಟರ್ ಸೂಜಿ ಇಳಿಯಾಕ ಜಾಗಾನ ಇಲ್ಲಲ್ಲ." ಅವತ್ತಿನಿಂದ ಮಾಡೆಲ್ಲಿನ ಪ್ರತಿ ಚುಕ್ಕಿಯ ಪಕ್ಕ ಕಾಗದದ ಮೇಲೆ ಸಲಾಕೆಗಳನ್ನು ಅಳತೆಗೆ ಸರಿಯಾಗಿ ಬರೆದು, ನಡುವೆ ಸೂಜಿಯನ್ನೂ ಬರೆಯುತ್ತೇನೆ. ಸೂಜಿ ಹೋಗದಿದ್ದರೆ ಕೂಡಿಕೆಯೇ ಬೇಡ. ಗರ್ಡರುಗಳನ್ನು ಬಿಡಿಯಾಗಿ ಕೂರಿಸಿ, ಮೇಲಿನ ಸ್ಲ್ಯಾಬನ್ನು ಮಾತ್ರ ಮುಂದುವರಿಸಿದರೂ ಎಕ್ಸ್‌ಪಾನ್ಶನ್ ಜಾಯಿಂಟಿನ ಕಾಟ ತಪ್ಪುತ್ತದೆ. ನಮ್ಮ ಹೆದ್ದಾರಿಗಳ ಸಣ್ಣಪುಟ್ಟ ಸೇತುವೆಗಳಿಗೆ ಇದೇ ಮೇಲು ಎಂಬುದು ನನ್ನ ಪಕ್ಷ. ಪೂರ್ತಿ ಕೂಡಿಕೆಯ ಭಕ್ತರು ಜಗಳಕ್ಕೆ ಬರಲಿ.

ನೀವು ಎಂಜಿನಿಯರ್ ಆಗಬೇಕಿಲ್ಲ. ಮುಂದಿನ ಸಲ ಯಾವುದಾದರೂ ಫ್ಲೈಓವರಿನ ಕೆಳಗೆ ಹೋದಾಗ ಗಾಡಿ ಬದಿಗೆ ನಿಲ್ಲಿಸಿ, ಕಂಬದ ನೆತ್ತಿ ನೋಡಿ. ಎರಡು ಗರ್ಡರುಗಳ ತುದಿಯ ನಡುವೆ ಸಂದು ಕಂಡರೆ ಅವು ಬಿಡಿ ಬಿಡಿ. ಕಾಂಕ್ರೀಟ್ ತುಂಬಿ ಒಂದಾಗಿದ್ದರೆ ಕೂಡಿದವು. ಕೂಡಿದವಾದರೆ ಅದರ ತಳಭಾಗವನ್ನು ಇನ್ನೊಂದು ನಿಮಿಷ ನೋಡಿ; ಬಿರುಕಿದ್ದರೆ ಫೋಟೊ ತೆಗೆದು ಹೆದ್ದಾರಿಯವರಿಗೆ ಕಳಿಸಿ.