ವಿಷ ಉಂಡ ಗಿಡದ ಬೂದಿ

ಹಿಡಕಲ್. ಬೇಸಿಗೆ. ಡ್ಯಾಮಿನ ನೀರು ಹಿಂದೆ ಸರಿದು ಹುನ್ನೂರಿನ ವಿಠ್ಠಲ ದೇವರ ಗುಡಿ ಹೊರಗೆ ಬಂದಿದೆ. ಕಂಬದ ಮೇಲೆ ಕೈಯಾಡಿಸಿದರೆ ಒಣಗಿದ ರೇವೆ ಹಕ್ಕಳೆ ಹಕ್ಕಳೆಯಾಗಿ ಉದುರುತ್ತದೆ. 51 ಟಿಎಂಸಿ ನೀರು ಹಿಡಿಯುವ ಈ ಕಟ್ಟೆ, ಘಟಪ್ರಭಾ ಹೊತ್ತು ತಂದ ಮಣ್ಣನ್ನೂ ಹಿಡಿದಿಟ್ಟುಕೊಂಡಿದೆ. ಮಣ್ಣಿಗೆ ಒಮ್ಮೆ ಸೇರಿದ್ದನ್ನು ಮತ್ತೆ ಹೊರಗೆ ತೆಗೆಯುವುದು ಹೇಗೆ? ಈ ಯೋಚನೆ ತಲೆಗೆ ಹೊಕ್ಕದ್ದು ಆ ಕಂಬದ ಬುಡದಲ್ಲೇ.

ಊರ ಹಳೆಯ ಬಾವಿ. ಗಚ್ಚಿನ ಗೋಡೆಯ ಬಿರುಕಿನಲ್ಲಿ ಜರಿಗಿಡ. ನಡುಕಡ್ಡಿಯ ಎರಡೂ ಬದಿಗೆ ಏಣಿಯ ಹಲ್ಲಿನಂತೆ ಉದ್ದುದ್ದ ಎಲೆ. ಮಗುಚಿ ನೋಡಿದರೆ ಅಂಚಿನಗುಂಟ ಕಂದು ಪುಡಿಯ ಗೆರೆ. ವಿಜ್ಞಾನದಲ್ಲಿ ಇದರ ಹೆಸರು ಟೆರಿಸ್ ವಿಟಾಟಾ. ಇದೇ ಜಾತಿಯ ಗಿಡ ಫ್ಲಾರಿಡಾದಲ್ಲಿ, ಮರದ ದಿಮ್ಮಿಗೆ ಹುಳದ ಔಷಧ ಉಣಿಸುತ್ತಿದ್ದ ಹಳೆಯ ಜಾಗವೊಂದರಲ್ಲಿ, ಪಾಷಾಣ (ಆರ್ಸೆನಿಕ್) ಹೀರಿಯೂ ಸೊಂಪಾಗಿ ಬೆಳೆದಿತ್ತು. ವಿಜ್ಞಾನಿ ಲೀನಾ ಮಾ ಮತ್ತು ಸಂಗಡಿಗರು 2001ರಲ್ಲಿ ಅದನ್ನು ಲೋಕಕ್ಕೆ ತಿಳಿಸಿದರು. ಪಾಷಾಣ ಬೆರೆಸಿದ ಮಣ್ಣಿನಲ್ಲಿ ಬೆಳೆಸಿದಾಗ ಒಂದು ಕಿಲೋ ಒಣ ಎಲೆಯಲ್ಲಿ 20 ಗ್ರಾಮಿಗೂ ಹೆಚ್ಚು ಸಿಕ್ಕಿತು. ಇದರ ಜೀನನ್ನು ಯಾರೂ ತಿದ್ದಿಲ್ಲ. ಇದು ವಿಷವನ್ನು ಅರಗಿಸುವುದೂ ಇಲ್ಲ, ಎಲೆಯ ಕೋಶಗಳ ಒಳಚೀಲದಲ್ಲಿ ಕಟ್ಟಿಡುತ್ತದೆ.

ಇಲ್ಲಿಯ ಘಟಪ್ರಭೆಯ ನೀರು ಚಿಕ್ಕಸಂಗಮದಲ್ಲಿ ಕೃಷ್ಣೆಗೆ ಕೂಡಿ, ಮುಂದೆ ಸುರಪುರದ ಸೀಮೆ ದಾಟುತ್ತದೆ. ಅದೇ ಸೀಮೆಯ ಕಿರದಳ್ಳಿ ತಾಂಡಾದಲ್ಲಿ ಕೊಳವೆಬಾವಿಯ ನೀರಿನಲ್ಲೇ ಪಾಷಾಣ. ಕುಡಿದವರ ಅಂಗೈ ಅಂಗಾಲು ಗಂಟುಗಟ್ಟಿದವು. ಅದು ಹೊಳೆ ತಂದ ವಿಷವಲ್ಲ, ಚಿನ್ನದ ಗಣಿಯ ನೆರೆಯ ನೆಲದ್ದು. ಒಂದು ಜರಿಗಿಡದ ಬೇರು ಕೊಳವೆಬಾವಿಯ ಆಳಕ್ಕೆ ಇಳಿಯುವುದಿಲ್ಲವಲ್ಲ ಎಂದು ನೆನೆದಾಗ ಸಂಕಟವಾಗುತ್ತದೆ.

ವಿಷ ಹೀರುವ ಈ ಶಕ್ತಿ ಹುಟ್ಟಿನಿಂದ ಇಲ್ಲದ ಗಿಡಕ್ಕೆ ಅದನ್ನು ತುಂಬುವುದು ಜೀನ್ ತಿದ್ದುವವರ ಕೆಲಸ. ಅಮೆರಿಕದ ಜಾರ್ಜಿಯಾದ ವಿಜ್ಞಾನಿ ರಿಚರ್ಡ್ ಮೀಗರ್ ಅವರ ತಂಡ 1996ರಲ್ಲಿ ಬ್ಯಾಕ್ಟೀರಿಯಾದ ಒಂದು ಜೀನನ್ನು ಸಾಸಿವೆಯ ಬಳಗದ ಪುಟ್ಟ ಗಿಡವೊಂದಕ್ಕೆ ಸೇರಿಸಿತು. ಆ ಗಿಡ ಮಣ್ಣಿನ ಪಾದರಸವನ್ನು ಹೀರಿ, ಆವಿಯಾಗುವ ರೂಪಕ್ಕೆ ತಿರುಗಿಸಿ ಗಾಳಿಗೆ ಬಿಡುತ್ತದೆ. 2003ರಲ್ಲಿ ಅಮೆರಿಕದ ಡ್ಯಾನ್‌ಬರಿಯಲ್ಲಿ, ಟೋಪಿ ಕಾರ್ಖಾನೆಯ ಪಾದರಸ ಉಳಿದಿದ್ದ ನೆಲದಲ್ಲಿ, ಇಂಥ ಜೀನ್ ಇರುವ ಮರಗಳನ್ನು ನೆಟ್ಟರು. ಎರಡು ದಿನದಿಂದ ಇದನ್ನೇ ತಿರುವಿ ಹಾಕುತ್ತಿದ್ದೇನೆ. ಗಾಳಿಗೆ ಹೋದದ್ದು ತೆಳುವಾಗಿ ಹರಡುತ್ತದೆ ಎನ್ನುತ್ತಾರೆ, ಒಪ್ಪಿದೆ. ಆದರೆ ಮಳೆ ಅದನ್ನು ಮತ್ತೆ ಯಾರ ಹೊಲಕ್ಕೋ ಇಳಿಸುತ್ತದೆ. ಇದನ್ನು ಶುದ್ಧಿ ಎನ್ನಲು ನನಗೆ ಮನಸ್ಸು ಬರುತ್ತಿಲ್ಲ.

ಒಗ್ಗರಣೆಯ ಸಾಸಿವೆ ಕ್ಯಾಲಿಫೋರ್ನಿಯಾಕ್ಕೂ ಹೋಗಿದೆ. ಜೀನ್ ತಿದ್ದಿದ ಅದರ ಒಂದು ತಳಿ, ಹೊಲದಲ್ಲೇ ನಡೆದ ಪರೀಕ್ಷೆಯಲ್ಲಿ, ಮಾಮೂಲಿ ಸಾಸಿವೆಯ ನಾಲ್ಕು ಪಟ್ಟಿಗೂ ಹೆಚ್ಚು ಸೆಲೆನಿಯಂ ಹೀರಿತು. 2005ರ ವರದಿ. ಓದಿದಾಗ ನಿಜಕ್ಕೂ ಹಿಗ್ಗಿದೆ. ಹಿಂದೆಯೇ ಜೇನ್ನೊಣ ನೆನಪಾಯಿತು. ಆ ಹೂವಿನಿಂದ ಎದ್ದದ್ದು ಬದುವಿನಾಚೆಯ ಸಾಸಿವೆಯ ಮೇಲೂ ಕೂರುತ್ತದೆ.

ನೆರೆಮನೆಯ ಕಾಕಾನಿಗೆ ಇದನ್ನೆಲ್ಲ ಹೇಳಿದೆ. ಕಬ್ಬಿನ ಸೋಗೆ ಎಮ್ಮೆಗೆ ಹಾಕುತ್ತಿದ್ದವರು ಕೈ ನಿಲ್ಲಿಸಿದರು.
“ತಮ್ಮಾ, ಆ ಗಿಡಾ ಎಮ್ಮಿ ತಿಂದ್ರ ಹಾಲಿನ್ಯಾಗ ಬರೂದಿಲ್ಲೇನು?”
“ತಿನ್ನಾಕ ಬಿಡಬಾರದು ಕಾಕಾ. ಕೊಯ್ದು ಸುಡ್ತಾರ.”
“ಬೂದಿ?”

2010ರಲ್ಲಿ ಜೀನ್ ತಿದ್ದಿದ ಬಿಟಿ ಬದನೆಗೆ ತಡೆ ಬಿದ್ದಾಗ, ಅದು ತಿನ್ನಲು ಯೋಗ್ಯವೇ ಎಂದು ಊರೂರಲ್ಲಿ ಚರ್ಚೆ ನಡೆದಿತ್ತು. ಲೋಹ ಹೀರಿದ ಗಿಡ ತಿನ್ನಬಾರದ್ದೆಂಬುದು ಮೊದಲೇ ಗೊತ್ತು. ಅದಕ್ಕೆ ಬೇಲಿ ಹಾಕಿ ಕಾಯುವವರು, ಬೂದಿಯನ್ನು ಅಳೆದು ಮುಚ್ಚಿಡುವವರು ಬೇಕು. ನಮ್ಮ ಓಣಿಯಲ್ಲಿ ಒಲೆಯ ಬೂದಿ ತಿಪ್ಪೆಗೆ ಹೋಗುತ್ತದೆ, ತಿಪ್ಪೆ ಹೊಲಕ್ಕೆ. ಸುಟ್ಟರೂ ಕ್ಯಾಡ್ಮಿಯಂ ಕ್ಯಾಡ್ಮಿಯಮ್ಮೇ, ಸೀಸ ಸೀಸವೇ.

ಸಂಜೆ ಮತ್ತೆ ಬಾವಿಯ ಹತ್ತಿರ. ಒಂದು ಆಡಿನ ಮರಿ ಮುಂಗಾಲು ಗೋಡೆಗಿಟ್ಟು ಜರಿಗಿಡದತ್ತ ಕತ್ತು ಚಾಚಿತ್ತು. ಹಚಾ ಹಚಾ ಎಂದು ಓಡಿಸಿದೆ. ಅದು ನಾಲ್ಕು ಹೆಜ್ಜೆ ಹೋಗಿ ತಿರುಗಿ ನೋಡಿತು. ಕತ್ತಲಾಗುವವರೆಗೆ ಅಲ್ಲೇ ಕೂತೆ.